ಕಿಡಿ ಬರೋದಿಲ್ಲ ಅಂತ ರಾಡ್ ಕಟರನ್ನು ಸುಮ್ನೆ ಕೈಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಯಾವುದೇ ಹೊಸ ಆಫೀಸು, ಮಾಲ್, ಆಸ್ಪತ್ರೆಯೊಳಗೆ ಹೋಗಿ ತಲೆ ಎತ್ತಿ ನೋಡಿ. ಎ.ಸಿ. ಡಕ್ಟ್, ಸ್ಪ್ರಿಂಕ್ಲರ್ ಪೈಪ್, ಕೇಬಲ್ ಟ್ರೇ, ಎಲ್ಲವೂ ತೂಗುತ್ತಿರುವುದು ಥ್ರೆಡ್ ರಾಡ್ ಮೇಲೆ, ಅಂದರೆ ಉದ್ದಕ್ಕೂ ಸ್ಕ್ರೂ ಥರ ಸುತ್ತು ಇರುವ ಕಬ್ಬಿಣದ ಸರಳಿನ ಮೇಲೆ. ಸ್ಲ್ಯಾಬಿಗೆ ರಾಡ್ ಹಿಡಿಯುವ ಆ್ಯಂಕರ್ ಹೊಡೆದು, ರಾಡ್ ಇಳಿಸಿ, ಡಕ್ಟ್, ಪೈಪ್ ಹೊರುವ ಚಾನೆಲ್ ಕೂರಿಸಿ, ನಟ್ ಬಿಗಿದು ಲೆವೆಲ್ ಮಾಡಿದ ಮೇಲೆ ಕೆಳಗೆ ಉಳಿದ ತುಂಡನ್ನು ಕತ್ತರಿಸಬೇಕು. ಒಂದೊಂದು ಫ್ಲೋರಿನಲ್ಲೂ ಇಂಥವು ನೂರಾರು. ಇಷ್ಟು ವರ್ಷ ಇದಕ್ಕೆ ತಿರುಗುವ ಚಕ್ರದಿಂದ ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರೇ ಗತಿಯಾಗಿತ್ತು. ಈಗ ಬ್ಯಾಟರಿಯಲ್ಲಿ ಓಡುವ ರಾಡ್ ಕಟರ್ ಬಂದಿದೆ. ಈ ಕೆಲಸ ಮಾಡಿಸುವ ಸೂಪರ್‌ವೈಸರ್ ನಾನು, ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಒಳ್ಳೆಯ ಟೂಲ್. ಗ್ರೈಂಡರ್ ನಿಮಿಷಕ್ಕೆ ಹತ್ತು ಹನ್ನೊಂದು ಸಾವಿರ ಸುತ್ತು ತಿರುಗುತ್ತೆ. ಏಣಿ ಮೇಲೆ ನಿಂತು, ತಲೆಗಿಂತ ಮೇಲೆ ಅದನ್ನು ಹಿಡಿದರೆ ಕಿಡಿಯೆಲ್ಲ ಮುಖದ ಮೇಲೇ. ಕಣ್ಣಿಗೆ ಕಬ್ಬಿಣದ ಚೂರು ಹೋಗುತ್ತೆ, ಕೆಳಗಿರುವ ಥರ್ಮೋಕೋಲ್, ಪ್ಯಾಕಿಂಗ್ ರಟ್ಟಿನ ಮೇಲೆ ಕಿಡಿ ಬಿದ್ದರೆ ಬೆಂಕಿ. ಕಟಿಂಗ್ ವೀಲ್ ಸಿಕ್ಕಿಕೊಂಡು ಒಡೆದರಂತೂ ಕೇಳೋದೇ ಬೇಡ. ಕತ್ತರಿಸಿದ ತುದಿ ಬೇರೆ ತರಿತರಿ ಆಗಿರುತ್ತೆ, ಫೈಲ್ ಹಾಕಿ ಉಜ್ಜದೆ ನಟ್ ಏರೋದಿಲ್ಲ. ರಾಡ್ ಕಟರಿನಲ್ಲಿ ಇದ್ಯಾವುದೂ ಇಲ್ಲ. ಅದರ ಬಾಯಲ್ಲಿ ಡೈ ಅನ್ನುವ ಎರಡು ಉಕ್ಕಿನ ಅಚ್ಚು ಇರುತ್ತೆ. ಒಂದು ಡೈ ಕದಲದೆ ಇರುತ್ತೆ, ಇನ್ನೊಂದು ಅದರ ಪಕ್ಕದಲ್ಲೇ ಸರಿದು ರಾಡನ್ನು ಕತ್ತರಿಸಿಬಿಡುತ್ತೆ. ಡೈ ಸರಿಯಿದ್ದರೆ ಥ್ರೆಡ್ ಕೆಡೋದಿಲ್ಲ, ನಟ್ ಕೈಯಲ್ಲೇ ಏರುತ್ತೆ.

ತೊಂದರೆ ಶುರುವಾಗೋದು ಇಲ್ಲೇ. ಗ್ರೈಂಡರ್ ಅಂದರೆ ಹೊಸ ಹುಡುಗನಿಗೂ ಒಂದು ಭಯ ಇರುತ್ತೆ, ಅದರ ಸದ್ದೇ ಹಾಗಿದೆ. ಈ ಕಟರ್ ನೋಡಿದರೆ ಡ್ರಿಲ್ ಮೆಷಿನ್ನಿನ ತಮ್ಮನ ಥರ ಕಾಣುತ್ತೆ. ಕಿಡಿ ಇಲ್ಲ, ಅಬ್ಬರ ಇಲ್ಲ. ಹಾಗಾಗಿ ಕಂಟ್ರಾಕ್ಟರ್ ಡಬ್ಬ ಬಿಚ್ಚಿ, ಬ್ಯಾಟರಿ ಹಾಕಿ, 'ಹಿಡಿ, ಟ್ರಿಗರ್ ಒತ್ತು' ಅಂತ ಕೊಟ್ಟು ಹೋಗುತ್ತಾರೆ. ಹತ್ತು ಎಂ.ಎಂ. ಕಬ್ಬಿಣವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಡು ಮಾಡುವ ಬಾಯಿ ಅದು. ಅದರ ಮಧ್ಯೆ ಬೆರಳು ಹೋದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಎಲ್ಲಕ್ಕಿಂತ ಜಾಸ್ತಿ ಎಡವಟ್ಟಾಗೋದು ಸೈಜಿನಲ್ಲಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಂ.ಎಂ. ರಾಡೂ ಸಿಗುತ್ತೆ, ಇಂಚಿನ ರಾಡೂ ಸಿಗುತ್ತೆ. ಮೂರು ಸೂತ್ ಅಂತೀವಲ್ಲ, ಅಂದರೆ ಇಂಚಿನ ಎಂಟರಲ್ಲಿ ಮೂರು ಭಾಗ, ಅದು ಒಂಬತ್ತೂವರೆ ಎಂ.ಎಂ. ಚಿಲ್ಲರೆ. 10 ಎಂ.ಎಂ. ರಾಡಿನ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗೋದಿಲ್ಲ. ಆದರೆ ಥ್ರೆಡ್ ಬೇರೆ: 10 ಎಂ.ಎಂ. ರಾಡಿನಲ್ಲಿ ಒಂದು ಸುತ್ತಿಗೆ 1.5 ಎಂ.ಎಂ., ಮೂರು ಸೂತಿನದ್ದರಲ್ಲಿ ಇಂಚಿಗೆ 16 ಸುತ್ತು, ಅಂದರೆ ಸುಮಾರು 1.59 ಎಂ.ಎಂ. ಇಷ್ಟೇ ಇಷ್ಟು ಅನ್ನಿಸುತ್ತೆ ಅಲ್ವಾ? ಕಟರಿನ ಡೈಯಲ್ಲಿ ರಾಡಿನ ಥ್ರೆಡ್ಡಿಗೆ ಸರಿಯಾಗಿ ಹಲ್ಲು ಕೊರೆದಿರುತ್ತಾರೆ, ರಾಡು ಆ ಹಲ್ಲಿನೊಳಗೆ ಪೂರ್ತಿ ಕೂರಬೇಕು. ಬೇರೆ ಸೈಜಿನ ರಾಡ್ ಕೂರೋದಿಲ್ಲ, ಹಲ್ಲಿನ ಮೇಲೆ ಹತ್ತಿ ನಿಲ್ಲುತ್ತೆ. ಆಗ ಟ್ರಿಗರ್ ಒತ್ತಿದರೆ ರಾಡ್ ಓರೆಯಾಗುತ್ತೆ, ಥ್ರೆಡ್ ನುಜ್ಜುಗುಜ್ಜಾಗುತ್ತೆ, ಡೈಯ ಅಂಚು ಚಕ್ಕೆ ಏಳುತ್ತೆ, ಆ ಚಕ್ಕೆ ಯಾವ ಕಡೆ ಹಾರುತ್ತೋ ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮಾಡೋದು ಸುಲಭ. ಸೈಜು ಗೊತ್ತಿರುವ ಒಂದು ನಟ್ಟನ್ನು ರಾಡಿಗೆ ಏರಿಸಿ ನೋಡಿ. ಎರಡು ಮೂರು ಸುತ್ತಿಗೆ ಬಿಗಿಯಾದರೆ ಅದು ಬೇರೆ ಥ್ರೆಡ್ ಅಂತಲೇ ಅರ್ಥ. ಆಮೇಲೆ ರಾಡನ್ನು ಡೈಯಲ್ಲಿಟ್ಟು ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿ, ಅದು ತೂಗಾಡಬಾರದು, ಕಟರಿಗೆ ನೇರವಾಗಿ ನಿಲ್ಲಬೇಕು. ಇಷ್ಟಾದ ಮೇಲೆ ಬೆರಳು ತೆಗೆದು ಟ್ರಿಗರ್ ಒತ್ತಿ.

ರಾಡ್ ಯಾವ ಲೋಹದ್ದು ಅನ್ನೋದೂ ಮುಖ್ಯ. ಸಾಮಾನ್ಯವಾಗಿ ಕಟರಿನ ಜೊತೆ ಬರುವ ಡೈ ಮೆದು ಕಬ್ಬಿಣದ ರಾಡಿಗೆ. ಸ್ಟೇನ್‌ಲೆಸ್ ಸ್ಟೀಲ್ ರಾಡನ್ನು ಅದಕ್ಕೆ ತಕ್ಕ ಡೈ ಇದ್ದರೆ ಮಾತ್ರ ಕತ್ತರಿಸಬೇಕು. ಹೈ ಟೆನ್ಸೈಲ್, ಅಂದರೆ ಜಾಸ್ತಿ ಗಟ್ಟಿ ಉಕ್ಕಿನ ರಾಡನ್ನು ಇದಕ್ಕೆ ಕೊಡಲೇಬಾರದು. 'ಒಂದೇ ಒಂದು ಪೀಸ್ ಅಣ್ಣ' ಅಂತ ಮೊಳೆ, ಬೋಲ್ಟು, ಸಾದಾ ಸರಳು ಹಾಕುವವರನ್ನೂ ನೋಡಿದ್ದೇನೆ. ಆ ಒಂದು ಪೀಸಿಗೇ ಡೈ ಚಕ್ಕೆ ಎದ್ದು ಹೋಗುತ್ತೆ. ಕಿಡಿ ಇಲ್ಲದಿದ್ದರೂ ಕಣ್ಣಿಗೆ ಕನ್ನಡಕ ಬೇಕೇ ಬೇಕು ಅನ್ನೋದು ಇದಕ್ಕೇ.

ಇನ್ನು ಕೆಳಗೆ ಬೀಳುವ ತುಂಡಿನ ವಿಷಯ. ಇದನ್ನು ಸೈಟಿನಲ್ಲಿ ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ. 10 ಎಂ.ಎಂ. ಥ್ರೆಡ್ ರಾಡ್ ಮೀಟರಿಗೆ ಹೆಚ್ಚುಕಮ್ಮಿ ಅರ್ಧ ಕೆ.ಜಿ. ತೂಗುತ್ತೆ, ಅರ್ಧ ಅಡಿ ತುಂಡು ಸುಮಾರು 75 ಗ್ರಾಂ. ನಾಲ್ಕು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 32 ಕಿ.ಮೀ. ತುದಿ ಚೂಪು. ಕೆಳಗೆ ಪೇಂಟರ್ ಇರುತ್ತಾನೆ, ಟೈಲ್ಸ್ ಹಾಕುವವನು ಬಗ್ಗಿ ಕೂತಿರುತ್ತಾನೆ, ಕಸ ಗುಡಿಸುವ ಅಮ್ಮ ತಲೆಗೆ ಬರೀ ಟವೆಲ್ ಸುತ್ತಿಕೊಂಡು ಓಡಾಡುತ್ತಿರುತ್ತಾರೆ. ಗ್ರೈಂಡರ್ ಇದ್ದಾಗ ಕಿಡಿ ನೋಡಿ ಅವರೇ ದೂರ ಹೋಗುತ್ತಿದ್ದರು, ಈಗ ಮೇಲೆ ಕೆಲಸ ನಡೀತಿದೆ ಅಂತಲೇ ಗೊತ್ತಾಗೋದಿಲ್ಲ. ಅದಕ್ಕೇ ಏಣಿಯ ಸುತ್ತ ಒಂದು ಟೇಪ್ ಕಟ್ಟಿ, ಒಬ್ಬನನ್ನು ಕೆಳಗೆ ನಿಲ್ಲಿಸಿ. ತುಂಡು ಉದ್ದ ಇದ್ದರೆ ಅದರ ಕೆಳತುದಿಯನ್ನು, ಡೈಯಿಂದ ಚೆನ್ನಾಗಿ ದೂರದಲ್ಲಿ, ಹಿಡಿದುಕೊಳ್ಳಬಹುದು. ಗಿಡ್ಡ ತುಂಡಾದರೆ ಹಿಡಿಯೋಕೆ ಹೋಗಬೇಡಿ, ಜಾಗ ಖಾಲಿ ಮಾಡಿಸಿ ಬೀಳಲು ಬಿಡಿ.

ಕತ್ತರಿಸಬೇಕಾದ್ದು ನಟ್ಟಿನ ಕೆಳಗಿನ, ಭಾರ ಇಲ್ಲದ ಭಾಗ ಮಾತ್ರ. ಹಳೇ ಕಟ್ಟಡದಲ್ಲಿ ಡಕ್ಟ್ ಬಿಚ್ಚುವಾಗ ಭಾರ ಹೊತ್ತಿರುವ ರಾಡಿಗೇ ಕಟರ್ ಹಾಕುತ್ತಾರೆ. ಕೆಳಗಿಂದ ಡಕ್ಟಿಗೆ ಆಧಾರ ಕೊಡದೆ ಹಾಗೆ ಮಾಡಿದರೆ ಡಕ್ಟು, ಏಣಿ, ಮನುಷ್ಯ ಎಲ್ಲ ಒಟ್ಟಿಗೆ ಬೀಳುತ್ತೆ. ಫಾಲ್ಸ್ ಸೀಲಿಂಗ್ ಒಳಗೆ ಕೈ ಹಾಕುವ ಮೊದಲು ಪಕ್ಕದಲ್ಲಿ ಕರೆಂಟಿನ ವೈರ್ ಇದೆಯಾ ನೋಡಿ, ಈ ಟೂಲ್ ಶಾಕ್ ತಡೆಯೋದಿಲ್ಲ.

ಬ್ಯಾಟರಿ ಸೇರಿ ಎರಡು ಮೂರು ಕೆ.ಜಿ. ತೂಕ. ಏಣಿಯಿಂದ ಓರೆಯಾಗಿ ಚಾಚಿ, ಒಂದೇ ಕೈಯಲ್ಲಿ ಎತ್ತಿ ಹಿಡಿದರೆ ಡೈ ಕಚ್ಚುವ ಹೊತ್ತಿಗೆ ಕಟರ್ ಸ್ವಲ್ಪ ಹೊರಳುತ್ತೆ, ಅಷ್ಟಕ್ಕೇ ಆಯ ತಪ್ಪುತ್ತೆ. ಏಣಿ ಸರಿಸೋಕೆ ಒಂದು ನಿಮಿಷ ಸಾಕು, ಆಗುವ ಕಡೆ ಚಕ್ರದ ಸ್ಕಫೋಲ್ಡಿಂಗ್ ಇಟ್ಟು ಚಕ್ರ ಲಾಕ್ ಮಾಡಿ. ಡೈ ಬದಲಾಯಿಸುವಾಗ, ಸಿಕ್ಕಿಕೊಂಡ ಚೂರು ತೆಗೆಯುವಾಗ ಬ್ಯಾಟರಿ ಕಳಚಿ ಪಕ್ಕಕ್ಕಿಡಿ. ಸ್ವಿಚ್ ಲಾಕ್ ಮಾಡಿದ್ದೇನೆ ಅನ್ನೋದು ಸಾಲದು. ಎರಡೂ ಡೈ ಒಂದೇ ಸೈಜಿನ ಜೋಡಿ ಇರಲಿ, ಒಂದು ಹಳೇದು ಒಂದು ಹೊಸದು ಬೇಡ. ಡೈಯ ಸ್ಕ್ರೂವನ್ನು ಅಲೆನ್ ಕೀಯಲ್ಲಿ (ಆರು ಮೂಲೆಯ ಕೀಲಿ) ಪೂರ್ತಿ ಬಿಗಿ ಮಾಡಿ. ಆ ಬ್ಯಾಟರಿಯನ್ನು ನಟ್ಟು, ವಾಷರ್, ರಾಡ್ ಚೂರು ತುಂಬಿದ ಚೀಲಕ್ಕೇ ಎಸೆಯುವ ಅಭ್ಯಾಸ ಎಲ್ಲ ಕಡೆ ಇದೆ. ಅದರ ಎರಡು ಟರ್ಮಿನಲ್ಲಿಗೆ ಒಂದು ಚೂರು ಅಡ್ಡ ಬಿದ್ದರೆ ಶಾರ್ಟ್ ಆಗಿ ಹೊಗೆ ಏಳುತ್ತೆ. ಬ್ಯಾಟರಿ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನು ದಯವಿಟ್ಟು ಬಿಸಾಡಬೇಡಿ.

ಇದನ್ನೆಲ್ಲ ಹೇಳಿಕೊಡೋಕೆ ಅರ್ಧ ಗಂಟೆ ಸಾಕು. ಆದರೆ ಯಾರೂ ಹೇಳೋದಿಲ್ಲ. ಡಬ್ಬದೊಳಗೆ ಪುಸ್ತಕ ಇರುತ್ತೆ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೆಲಸ ಮಾಡುವ ಹುಡುಗರು ರಾಯಚೂರು, ಯಾದಗಿರಿಯವರು, ಇಲ್ಲವೇ ಒಡಿಶಾ, ಬಿಹಾರದವರು. ಅವರು ಬುದ್ಧಿವಂತರು, ಒಮ್ಮೆ ಕೈಯಲ್ಲಿ ಮಾಡಿ ತೋರಿಸಿದರೆ ಮರೆಯೋದಿಲ್ಲ. ಯಾರೂ ತೋರಿಸದೆ ಇದ್ದಾಗ ಕೈಗೆ ಪೆಟ್ಟಾದರೆ 'ಅವನ ಅಜಾಗರೂಕತೆ' ಅಂತ ಬರೆದು ಮುಗಿಸುವುದು ನನಗೆ ಸಹಿಸೋಕೆ ಆಗೋದಿಲ್ಲ.

ಟೂಲ್ ಮಾರುವ ಕಂಪನಿಗಳು ಕನ್ನಡದಲ್ಲೂ ಹಿಂದಿಯಲ್ಲೂ ಒಂದೊಂದು ಪುಟ, ಚಿತ್ರ ಸಮೇತ, ದೊಡ್ಡ ಅಕ್ಷರದಲ್ಲಿ ಡಬ್ಬದೊಳಗೆ ಇಡಲಿ. ಯಾವ ಡೈ ಯಾವ ರಾಡಿಗೆ ಅನ್ನೋದನ್ನು ಟೂಲಿನ ಮೇಲೇ ಬಣ್ಣದಲ್ಲಿ ಗುರುತು ಮಾಡಲಿ. ಕಂಟ್ರಾಕ್ಟರುಗಳು ಒಂದು ಸೈಟಿಗೆ ಒಂದೇ ಬಗೆಯ ರಾಡ್ ತರಿಸಲಿ, ಎಂ.ಎಂ. ಆದರೆ ಪೂರ್ತಿ ಎಂ.ಎಂ. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೇ ಹೋಗುತ್ತೆ. ನಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ತರಬೇತಿ ಜೊತೆ ಟೂಲ್ ಕಿಟ್ ಕೊಡುವ 'ಶ್ರಮ ಸಾಮರ್ಥ್ಯ' ಅನ್ನುವ ಯೋಜನೆಯೂ ಇದೆ. ಬ್ಯಾಟರಿ ಟೂಲುಗಳ ಪಾಠವನ್ನು ಅದಕ್ಕೆ ಸೇರಿಸಿ, ಸೈಟಿಗೇ ಬಂದು ಕಲಿಸಿ ಅಂತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ. ಜಾಗ ಎಷ್ಟು ಬೇಕಾದರೂ ನಾವು ಸೂಪರ್‌ವೈಸರುಗಳು ಮಾಡಿಕೊಡುತ್ತೇವೆ, ಬೆಳಿಗ್ಗೆ ಕೆಲಸ ಶುರುವಾಗುವ ಮೊದಲಿನ ಅರ್ಧ ಗಂಟೆಯನ್ನೂ ಕೊಡುತ್ತೇವೆ.

ಇಂತಿ,
ಒಬ್ಬ ಸೈಟ್ ಸೂಪರ್‌ವೈಸರ್, ಬೆಂಗಳೂರು