ನೋಟಿಸು ಕಳುಹಿಸಿದರೆ ಸಾಲದು, ಉತ್ತರ ಓದುವವರೂ ಬೇಕು

ಮಾನ್ಯ ಸಂಪಾದಕರೇ,

ಮಂಗಳೂರಿನ ಬಂದರು ಪ್ರದೇಶದ ಸಣ್ಣ ಜಿನಸಿನ ಅಂಗಡಿಗಳ ಲೆಕ್ಕ ಬರೆಯುವ ಕೆಲಸವನ್ನು ನಾನು ಮಾರಾಟ ತೆರಿಗೆಯ ಕಾಲದಿಂದಲೂ ಮಾಡಿಕೊಂಡು ಬಂದಿದ್ದೇನೆ. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ವ್ಯಾಪಾರಿಗಳ ಜೊತೆಯಲ್ಲಿ ನಾನೂ ಮೊದಲಿನಿಂದ ಕಲಿತವನು. ತೆರಿಗೆ ಇಲಾಖೆ ನೋಟಿಸು ಕಳುಹಿಸುವ ಕೆಲಸಕ್ಕೆ ಈಗ ಕಂಪ್ಯೂಟರಿನ ವೇಗ ಬಂದಿದೆ. ಆದರೆ ಅದಕ್ಕೆ ವ್ಯಾಪಾರಿ ಕೊಡುವ ಉತ್ತರವನ್ನು ಓದಿ, ಅವನ ಮಾತು ಕೇಳಿ ತೀರ್ಮಾನಿಸುವ ಸಿಬ್ಬಂದಿಯ ಬಗ್ಗೆ ಅಷ್ಟು ಕಾಳಜಿ ಕಾಣುತ್ತಿಲ್ಲ. ಈ ಕೊರತೆಯನ್ನು ತಮ್ಮ ಪತ್ರಿಕೆಯ ಮೂಲಕ ಸರಕಾರದ ಗಮನಕ್ಕೆ ತರಬಯಸುತ್ತೇನೆ.

ತಿಂಗಳ 11ರೊಳಗೆ ಸಲ್ಲಿಸುವ ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ರೊಳಗೆ ಸಲ್ಲಿಸುವ ತೆರಿಗೆ ಲೆಕ್ಕದ ಸಾರಾಂಶವಾದ ಜಿಎಸ್‌ಟಿಆರ್-3ಬಿ, ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ಲು ಇವೆಲ್ಲವನ್ನೂ ಇಂದು ಯಂತ್ರವೇ ತಾಳೆ ನೋಡುತ್ತದೆ. ಖೊಟ್ಟಿ ಬಿಲ್ಲು ಸೃಷ್ಟಿಸುವವರನ್ನು ಹಿಡಿಯಲು ಇದು ಅಗತ್ಯ, ಇದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಯಂತ್ರ ತೋರಿಸುವುದು ವ್ಯತ್ಯಾಸವನ್ನು ಮಾತ್ರ. ಆ ವ್ಯತ್ಯಾಸ ಮೋಸದಿಂದ ಆಯಿತೋ, ಸರಕು ಕೊಟ್ಟವರು ಬಿಲ್ಲನ್ನು ಮುಂದಿನ ತಿಂಗಳಿಗೆ ತೋರಿಸಿದ್ದರಿಂದ ಆಯಿತೋ ಎಂಬುದನ್ನು ಕಾಗದ ಮುಂದಿಟ್ಟುಕೊಂಡು ಕುಳಿತ ಮನುಷ್ಯನೇ ಹೇಳಬೇಕು.

2025ರ ಜುಲೈಯಲ್ಲಿ ಯುಪಿಐ ಜಮೆಯ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದಾಗ ಎದ್ದ ಗೊಂದಲ ಎಲ್ಲರಿಗೂ ನೆನಪಿದೆ. ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಒಂದು ಅಂಗಡಿಯಲ್ಲಿ ವರ್ಷಕ್ಕೆ 35 ಲಕ್ಷ ರೂಪಾಯಿಯ ತರಕಾರಿ, ಬಾಳೆಹಣ್ಣು, ತೆಂಗಿನಕಾಯಿ ಮತ್ತು 8 ಲಕ್ಷ ರೂಪಾಯಿಯ ಬಿಸ್ಕತ್ತು, ಸಾಬೂನು ಮಾರಾಟವಾಗುತ್ತದೆ ಎಂದಿಟ್ಟುಕೊಳ್ಳೋಣ. ಸರಕು ಮಾರುವವರ ನೋಂದಣಿಯ ಮಿತಿಯಾದ 40 ಲಕ್ಷವನ್ನು ಲೆಕ್ಕ ಹಾಕುವಾಗ ತೆರಿಗೆ ವಿನಾಯಿತಿ ಇರುವ ಮಾಲೂ ಸೇರುತ್ತದೆ, ಆದ್ದರಿಂದ ಆ ಅಂಗಡಿ ನೋಂದಣಿ ಮಾಡಿಸಲೇಬೇಕು. ತೆರಿಗೆ ಬೀಳುವುದು ಮಾತ್ರ ಆ 8 ಲಕ್ಷದ ಮೇಲೆ. ಬ್ಯಾಂಕಿನಲ್ಲಿ ಕಾಣುವ ಮೊತ್ತದಲ್ಲಿ ಬಾಳೆಹಣ್ಣಿನ ಹಣ ಯಾವುದು, ಸಾಬೂನಿನ ಹಣ ಯಾವುದು, ಭಾವನಿಂದ ಪಡೆದ ಕೈಸಾಲ ಯಾವುದು ಎಂದು ಬರೆದಿರುವುದಿಲ್ಲ. ಇದನ್ನು ಬಿಡಿಸಿ ನೋಡಲು ಅರ್ಧ ದಿನ ಬೇಕು, ಆ ಅರ್ಧ ದಿನ ಬಿಡುವಿರುವ ಅಧಿಕಾರಿಯೂ ಬೇಕು.

ನಾನು ಲೆಕ್ಕ ನೋಡುವ ಅಂಗಡಿಯೊಂದಕ್ಕೆ ಬಂದ ನೋಟಿಸಿಗೆ ಖರೀದಿ ಬಿಲ್ಲು, ಬ್ಯಾಂಕಿನ ವಿವರ ಎಲ್ಲವನ್ನೂ ಸೇರಿಸಿ ಗಡುವಿನೊಳಗೆ ಉತ್ತರ ಸಲ್ಲಿಸಿದ್ದೆವು. ನಡುವೆ ಅಧಿಕಾರಿಯ ವರ್ಗಾವಣೆಯಾಯಿತು. ಕೆಲವು ತಿಂಗಳ ಬಳಿಕ ಬಂದ ಆದೇಶದಲ್ಲಿ ನೋಟಿಸಿನ ಸಾಲುಗಳೇ ಮತ್ತೆ ಅಚ್ಚಾಗಿದ್ದವು, ನಮ್ಮ ಉತ್ತರದ ಉಲ್ಲೇಖ ಎಲ್ಲಿಯೂ ಇರಲಿಲ್ಲ. ಮೇಲ್ಮನವಿಗೆ ಮೂರು ತಿಂಗಳ ಅವಕಾಶವಿದೆ ನಿಜ, ಆದರೆ ವಿವಾದಿತ ತೆರಿಗೆಯ ಶೇ. 10ನ್ನು ಮೊದಲೇ ಕಟ್ಟಬೇಕು, ವಕೀಲರ ಶುಲ್ಕ ಬೇರೆ. ಅಂಗಡಿಯವರು ತಮ್ಮದಲ್ಲದ ತಪ್ಪಿಗೆ ಹಣ ಕಟ್ಟಿ ಸುಮ್ಮನಾದರು. ಅಂದು ಅವರಿಗೆ ಸಮಾಧಾನ ಹೇಳಲು ನನ್ನಲ್ಲಿ ಮಾತಿರಲಿಲ್ಲ. ವ್ಯಾಪಾರಿಗೆ ವಿರುದ್ಧವಾದ ತೀರ್ಮಾನ ಕೊಡುವ ಮೊದಲು ಅವನ ಅಹವಾಲು ಕೇಳಬೇಕೆಂದು ಜಿಎಸ್‌ಟಿ ಕಾಯಿದೆಯ 75ನೇ ಕಲಮಿನಲ್ಲೇ ಇದೆ.

ಇದಕ್ಕೆ ಆ ಅಧಿಕಾರಿಯೊಬ್ಬರನ್ನೇ ದೂರುವುದು ಸರಿಯಲ್ಲ. ಒಂದು ವರ್ಷದ ಲೆಕ್ಕಕ್ಕೆ ಆದೇಶ ಹೊರಡಿಸುವ ಕೊನೆಯ ದಿನಾಂಕ ಕಾನೂನಿನಲ್ಲಿ ನಿಗದಿಯಾಗಿರುತ್ತದೆ. 2021-22ರ ಸಾಮಾನ್ಯ, ಅಂದರೆ ಮೋಸದ ಆರೋಪವಿಲ್ಲದ, ಪ್ರಕರಣಗಳಿಗೆ ಅದು 2025ರ ಡಿಸೆಂಬರ್ 31 ಆಗಿತ್ತು, ನೋಟಿಸನ್ನು ಅದಕ್ಕೂ ಮೂರು ತಿಂಗಳ ಮೊದಲೇ ಕೊಡಬೇಕಿತ್ತು. ಇಷ್ಟು ಮುಂಚಿತವಾಗಿ ಗೊತ್ತಿರುವ ಕೆಲಸವನ್ನು ವರ್ಷವಿಡೀ ಹಂಚಿಕೊಳ್ಳದೆ ಕೊನೆಯ ವಾರಗಳಿಗೆ ರಾಶಿ ಹಾಕಿದರೆ ಯಾವ ಅಧಿಕಾರಿಯೂ ಕಡತವನ್ನು ಪೂರ್ತಿ ಓದಲಾರ. ವಿಚಾರಣೆ ಮುಗಿಯುವ ಹಂತದಲ್ಲಿರುವ ಕಡತಗಳ ಅಧಿಕಾರಿಯನ್ನು ಆ ಗಡುವು ಮುಗಿಯುವವರೆಗಾದರೂ ವರ್ಗಾಯಿಸಬಾರದು.

ಹಿಂದೆ ನಾವು ದಿನವಹಿಯನ್ನೂ ಖಾತೆ ಪುಸ್ತಕವನ್ನೂ ಬಟ್ಟೆಯಲ್ಲಿ ಕಟ್ಟಿ ಕಚೇರಿಗೆ ಒಯ್ಯುತ್ತಿದ್ದೆವು. ಆ ಪದ್ಧತಿಯಲ್ಲಿ ದುರುಪಯೋಗಕ್ಕೆ ಎಡೆಯಿತ್ತು, ಅದು ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ. ಆದರೂ ಅಲ್ಲಿ ವ್ಯಾಪಾರಿಯ ಮಾತು ಒಬ್ಬರ ಕಿವಿಗೆ ಬೀಳುತ್ತಿತ್ತು.

2022ರ ಜೂನ್‌ಗೆ ಜಿಎಸ್‌ಟಿಯಿಂದಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರದ ಅವಧಿ ಮುಗಿದ ಮೇಲೆ ರಾಜ್ಯ ತನ್ನ ವಸೂಲಿಯನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಗಿದೆ, ಆ ಒತ್ತಡ ಅರ್ಥವಾಗುವಂಥದ್ದು. ಬಜೆಟ್ಟಿನಲ್ಲಿ ದತ್ತಾಂಶ ವಿಶ್ಲೇಷಣೆಗೆ ಹಣ ಇಡುವಾಗಲೇ ಖಾಲಿ ಹುದ್ದೆಗಳ ಭರ್ತಿಗೂ, ಹೊಸಬರಿಗೆ ಲೆಕ್ಕಪುಸ್ತಕ ಓದುವ ತರಬೇತಿಗೂ ಹಣ ತೆಗೆದಿಡಬೇಕು. ನನ್ನ ಕೈಗೆ ಬಂದಿರುವ ನೋಟಿಸುಗಳೆಲ್ಲ ಇಂಗ್ಲಿಷಿನಲ್ಲಿವೆ. ಅವು ಕನ್ನಡದಲ್ಲಿಯೂ ಬರಬೇಕು. ಜಾಲತಾಣದ ಒಳಪುಟದಲ್ಲಿ ನೋಟಿಸು ಹಾಕಿ ಬಿಡದೆ ವ್ಯಾಪಾರಿಗೆ ಫೋನು ಮಾಡಿಯೂ ತಿಳಿಸಬೇಕು. ಮಂಗಳೂರು, ಉಡುಪಿಗಳಲ್ಲಿ ವಾರಕ್ಕೆ ಒಂದು ದಿನವನ್ನು ಸಣ್ಣ ವ್ಯಾಪಾರಿಗಳ ಅಹವಾಲಿಗೆಂದೇ ಮೀಸಲಿಟ್ಟು, ಕನ್ನಡದಲ್ಲೋ ತುಳುವಿನಲ್ಲೋ ಅವರು ಹೇಳಿದ್ದನ್ನು ಕಡತದಲ್ಲಿ ದಾಖಲಿಸಿಕೊಳ್ಳುವ ಏರ್ಪಾಡನ್ನು ಈ ಆರ್ಥಿಕ ವರ್ಷದಲ್ಲಿಯೇ ಆರಂಭಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲೆಕ್ಕ ಬರಹಗಾರ, ಬಂದರು, ಮಂಗಳೂರು