ನಾಳೆ ಸರಾಯೆವೊ ಗಡಿಯಾರ ಗೋಪುರದ ಬಳಿ ಸೇರುವ ಕುರಿತು

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆ 5ಕ್ಕೆ ಗಾಜಿ ಹುಸ್ರೆವ್ ಬೇಗ್ ಮಸೀದಿ ಪಕ್ಕದ ಗಡಿಯಾರ ಗೋಪುರದ ಬುಡದಲ್ಲಿ ಸೇರೋಣ. ಪ್ರವಾಸಕ್ಕೆ ಬಂದ ಎಲ್ಲರೂ, ಹೋಟೆಲಿನಲ್ಲಿ ವಿಶ್ರಾಂತಿ ಅಂದವರೂ ಸಹ!

ದಯವಿಟ್ಟು ಗೋಪುರದ ಗಡಿಯಾರ ನಂಬಿ ಬರಬೇಡಿ, ಮೊಬೈಲ್ ನೋಡಿ. ಅದು ಹಳೆಯ ಒಟ್ಟೋಮನ್ ಲೆಕ್ಕದ್ದು: ಸೂರ್ಯ ಮುಳುಗುವಾಗ ಮುಳ್ಳು 12ಕ್ಕೆ ಬರಬೇಕು. ಸೂರ್ಯಾಸ್ತ ದಿನದಿನಕ್ಕೂ ಸರಿಯುವುದರಿಂದ ಒಬ್ಬರು ಮೇಲೆ ಹತ್ತಿ ಕೈಯಿಂದಲೇ ಸರಿಪಡಿಸುತ್ತಾರೆ. ಇದನ್ನು ನೋಡುವುದಕ್ಕೇ ಬರಬೇಕು ಅನ್ನಿ.

1697ರಲ್ಲಿ ಆಸ್ಟ್ರಿಯದ ಸೇನಾಪತಿ ಸವೋಯ್‌ನ ಯೂಜೀನ್‌ನ ಸೈನ್ಯ ಊರಿಗೇ ಬೆಂಕಿ ಇಟ್ಟ ಮೇಲೆ ಗೋಪುರವನ್ನು ಮತ್ತೆ ಕಟ್ಟಿದರು, 1762ರಲ್ಲಿ ಇನ್ನೊಮ್ಮೆ. ಈಗಿನ ಯಂತ್ರ 1870ರ ದಶಕದಲ್ಲಿ ಲಂಡನ್ನಿನಿಂದ ಬಂದದ್ದು. ಉಳಿದ ಕಥೆ ಅಲ್ಲೇ.

ಸೂರ್ಯಾಸ್ತದವರೆಗೂ ನಿಲ್ಲುತ್ತೇವೆ, ಸ್ವೆಟರ್ ಇರಲಿ. ಬರುವವರು ಇಂದು ರಾತ್ರಿ 9ರೊಳಗೆ ಇಲ್ಲೇ ಹೆಸರು ಹಾಕಿ. ಮಂಡಿ ನೋವಿನವರು ನನಗೆ ಪ್ರತ್ಯೇಕವಾಗಿ ತಿಳಿಸಿ, ಟ್ಯಾಕ್ಸಿ ಹೇಳುತ್ತೇನೆ.