ಡಿಬಿಎ ಆಗುವವರಿಗೆ ಸರ್ಟಿಫಿಕೇಟ್ ಪಟ್ಟಿ ಒಂದೇ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಉದ್ಯೋಗ ಪುಟದಲ್ಲಿ ಕಂಪನಿಯ ಮಾಹಿತಿ ಭಂಡಾರವನ್ನು (ಡೇಟಾಬೇಸ್) ನೋಡಿಕೊಳ್ಳುವ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎ ಕೆಲಸದ ಬಗ್ಗೆ ಬಂದ ಲೇಖನ ಓದಿದೆ. ಒರಾಕಲ್ ಡೇಟಾಬೇಸ್ ಕಲಿಯಿರಿ, ಕ್ಲೌಡ್ ಕಲಿಯಿರಿ, ಈ ಪರೀಕ್ಷೆ ಕಟ್ಟಿ, ಆ ಪರೀಕ್ಷೆ ಕಟ್ಟಿ ಅಂತ ಅದರಲ್ಲಿತ್ತು. ತಪ್ಪೇನಿಲ್ಲ. ಆದರೆ ಇದೇ ಕೆಲಸ ಮಾಡಿಕೊಂಡಿರುವ ನನಗೆ ಅದರಲ್ಲಿ ಮುಖ್ಯವಾದದ್ದೇ ಕಾಣಲಿಲ್ಲ. ಡಿಬಿಎಯನ್ನು ಕೊನೆಗೆ ಕಾಪಾಡುವುದು ಬೇಜಾರು ಹಿಡಿಸುವ ಕೆಲವು ಅಭ್ಯಾಸಗಳು. ಬ್ಯಾಕಪ್ ಎಲ್ಲರೂ ತೆಗೆಯುತ್ತಾರೆ. ತೆಗೆದಿದ್ದನ್ನು ಇನ್ನೊಂದು ಸರ್ವರ್‌ಗೆ ಹಾಕಿ, ರಿಸ್ಟೋರ್ ಆಗುತ್ತದಾ, ಅಂದರೆ ಡೇಟಾ ವಾಪಸ್ ಬರುತ್ತದಾ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವವರು ಕಡಿಮೆ.

2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಆಗಿದ್ದನ್ನು ಹೊಸಬರೆಲ್ಲ ಓದಬೇಕು. ತಡರಾತ್ರಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಇದು ಸೆಕೆಂಡರಿ (ನಕಲು ಇರುವ) ಸರ್ವರ್ ಅಂದುಕೊಂಡು ಪ್ರೈಮರಿಯ, ಅಂದರೆ ಅಸಲಿ ಸರ್ವರ್‌ನ, ಡೇಟಾ ಡೈರೆಕ್ಟರಿಯನ್ನೇ ಅಳಿಸಿಬಿಟ್ಟರು. ಸರಿ, ಬ್ಯಾಕಪ್ ಹುಡುಕೋಣ ಅಂದರೆ, ಡೇಟಾಬೇಸ್‌ನ ಆವೃತ್ತಿ ಒಂದು, ಬ್ಯಾಕಪ್ ತೆಗೆಯುವ ಪ್ರೋಗ್ರಾಂನ ಆವೃತ್ತಿ ಇನ್ನೊಂದು ಆಗಿದ್ದರಿಂದ ಆ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಫೇಲ್ ಆಗಿದೆ ಅಂತ ಹೇಳಬೇಕಿದ್ದ ಇಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಅಂತ ಸುಮಾರು 6 ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ಪಡಿಯಚ್ಚು) ಕೈಹಿಡಿಯಿತು. ಆ 6 ಗಂಟೆಯ ಡೇಟಾ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಹಾಕಿತು, ಅದು ದೊಡ್ಡ ವಿಷಯ.

‘ನಮ್ಮಲ್ಲಿ ರೆಪ್ಲಿಕಾ ಇದೆಯಲ್ಲ, ಬ್ಯಾಕಪ್ ಯಾಕೆ?’ ಅಂತ ಮ್ಯಾನೇಜರ್‌ಗಳು ಈಗಲೂ ಕೇಳುತ್ತಾರೆ. ರೆಪ್ಲಿಕಾ ಅಂದರೆ ಪ್ರೈಮರಿಯ ಬದಲಾವಣೆಗಳನ್ನು ಆಗಿಂದಾಗ್ಗೆ ನಕಲಿಸಿಕೊಳ್ಳುವ ಇನ್ನೊಂದು ಸರ್ವರ್. ಪ್ರೈಮರಿಯಲ್ಲಿ ಟೇಬಲ್ ಡ್ರಾಪ್ ಆದರೆ (ಅಳಿಸಿಹೋದರೆ) ಕಣ್ಣು ಮಿಟುಕಿಸುವಷ್ಟರಲ್ಲಿ ರೆಪ್ಲಿಕಾದಲ್ಲೂ ಡ್ರಾಪ್ ಆಗುತ್ತದೆ, ಅಲ್ವಾ?

ಉಳಿದ ಅಭ್ಯಾಸಗಳೂ ಹೀಗೇ ಚಿಕ್ಕಚಿಕ್ಕವು. ಪ್ರೊಡಕ್ಷನ್ (ಜನ ನಿಜವಾಗಿ ಬಳಸುವ ಸರ್ವರ್) ಟರ್ಮಿನಲ್‌ನ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯ, ಬಣ್ಣವನ್ನೇ ಬೇರೆ ಇಡುವುದು. ಡಿಲೀಟ್ ಹೊಡೆಯುವ ಮೊದಲು ಯಾವ ಸಾಲು ಅಂತ ಹೇಳುವ ಅದೇ ವೇರ್ (WHERE) ಷರತ್ತು ಹಾಕಿ ಸೆಲೆಕ್ಟ್ ಮಾಡಿ, ಅಂದರೆ ಬರೀ ಓದಿ, ಎಷ್ಟು ಸಾಲು ಬರುತ್ತದೆ ಅಂತ ನೋಡುವುದು, ಆಮೇಲೆ ಬೇಕಾದರೆ ಹಿಂತೆಗೆಯಬಹುದಾದ ಟ್ರಾನ್ಸಾಕ್ಷನ್ ಶುರುಮಾಡಿ, ಅಳಿಸಿದ ಸಂಖ್ಯೆ ತಾಳೆಯಾದರೆ ಮಾತ್ರ ಕಮಿಟ್, ಅಂದರೆ ಖಾಯಂ ಮಾಡುವುದು. ರಿಪೋರ್ಟ್ ನಿಧಾನ ಅಂತ ದೂರು ಬಂದ ತಕ್ಷಣ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಲು ಓಡದೆ, ಮೊದಲು ಕ್ವೆರಿ ಪ್ಲ್ಯಾನ್, ಅಂದರೆ ಡೇಟಾಬೇಸ್ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ, ಓದುವುದು. ಒಂದೊಂದು ಇಂಡೆಕ್ಸ್‌ಗೂ ಇನ್ಸರ್ಟ್, ಅಪ್‌ಡೇಟ್ ಅಷ್ಟಷ್ಟು ಭಾರವಾಗುತ್ತದೆ. ಮಾಡಿದ್ದನ್ನೆಲ್ಲ ಬರೆದಿಡುವುದು ಅಂತೂ ಯಾರಿಗೂ ಇಷ್ಟವಿಲ್ಲ, ನನಗೂ ಇಲ್ಲ, ಆದರೆ ನಡುರಾತ್ರಿ ಮೂರು ಗಂಟೆಗೆ ಡಿಸ್ಕ್ ತುಂಬಿ ಡೇಟಾಬೇಸ್ ನಿಂತಾಗ ನಿದ್ದೆಗಣ್ಣಲ್ಲಿ ಓದಲು ಸಿಗುವುದು ಅದೊಂದೇ.

ರಾತ್ರಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪ್ಯಾಚ್, ಅಪ್‌ಗ್ರೇಡ್ ಎಲ್ಲ ಜನ ಬಳಸದ ಹೊತ್ತಿನಲ್ಲೇ ಆಗಬೇಕು, ಹಾಗಾಗಿ ಭಾನುವಾರದ ಬೆಳಗಿನ ಜಾವ ನಮ್ಮದು. ಇದು ಗೊತ್ತಿದ್ದೇ ಬಂದಿದ್ದೇವೆ. ಆದರೆ ರಾತ್ರಿಯೆಲ್ಲ ಎದ್ದಿದ್ದವರನ್ನು ಬೆಳಿಗ್ಗೆ ಹತ್ತರ ಮೀಟಿಂಗ್‌ಗೆ ಕೂರಿಸುವುದು ನನಗೆ ಶುದ್ಧ ಮೂರ್ಖತನ ಅನಿಸುತ್ತದೆ. ಅಂಥ ತಲೆಗೆ ಯಾವ ಸರ್ವರ್ ಯಾವುದು ಅಂತ ಗೊತ್ತಾಗುವುದಿಲ್ಲ.

ಕ್ಲೌಡ್ ಬಂತು, ಡಿಬಿಎ ಕಥೆ ಮುಗಿಯಿತು ಅನ್ನುವ ಮಾತು ನಿಮ್ಮ ಲೇಖನದಲ್ಲೂ ಇದೆ. ಕ್ಲೌಡ್‌ನಲ್ಲೇ ಡೇಟಾಬೇಸ್ ನಡೆಸಿಕೊಡುವ ಅಮೆಜಾನ್ ಆರ್‌ಡಿಎಸ್ ಸೇವೆ 2009ರಲ್ಲೇ ಬಂದಿದೆ. ಇನ್‌ಸ್ಟಾಲ್ ಮಾಡುವುದು, ಪ್ಯಾಚ್ ಹಾಕುವುದು ಕಡಿಮೆಯಾಯಿತು, ನಿಜ. ಅದನ್ನೇ ನಂಬಿಕೊಂಡಿದ್ದವರಿಗೆ ಕಷ್ಟವೂ ಆಯಿತು. ಕೆಟ್ಟ ಕ್ವೆರಿ ಮಾತ್ರ ಕ್ಲೌಡ್‌ನಲ್ಲೂ ಕೆಟ್ಟದ್ದೇ, ಮೇಲೆ ತಿಂಗಳ ಬಿಲ್ಲು ಬೇರೆ ಏರಿಸುತ್ತದೆ. ಯಾರಿಗೆ ಯಾವ ಅನುಮತಿ ಕೊಡಬೇಕು ಅನ್ನುವುದನ್ನೂ ಮನುಷ್ಯರೇ ಕೂತು ತೀರ್ಮಾನಿಸಬೇಕು.

ಮುಂದಿನ ಸಲ ಇಂಥ ಲೇಖನ ಹಾಕುವಾಗ, ಇಂಟರ್ವ್ಯೂನಲ್ಲಿ ಅಭ್ಯರ್ಥಿಯೇ ಕೇಳಬೇಕಾದ ಪ್ರಶ್ನೆಗಳನ್ನೂ ಸೇರಿಸಿ. ಆನ್‌ಕಾಲ್ (ಕರೆ ಬಂದಾಗ ಹಾಜರಾಗುವ ಸರದಿ) ಎಷ್ಟು ಜನರ ನಡುವೆ ಹಂಚಿಕೆಯಾಗಿದೆ? ರಾತ್ರಿ ಕೆಲಸ ಮಾಡಿದರೆ ಮಾರನೇ ದಿನ ರಜೆ ಉಂಟಾ? ಪ್ರೊಡಕ್ಷನ್‌ನಲ್ಲಿ ಬರೆಯುವ ಅನುಮತಿ ಯಾರ್‍ಯಾರಿಗಿದೆ? ಈ ಕೊನೆಯದಕ್ಕೆ ‘ಎಲ್ಲರಿಗೂ’ ಅಂತ ಉತ್ತರ ಬಂದರೆ, ಸಂಬಳ ಎಷ್ಟೇ ಜಾಸ್ತಿ ಇರಲಿ, ಇನ್ನೊಮ್ಮೆ ಯೋಚಿಸಲಿ.

ಇತಿ,
ಒಬ್ಬ ಡಿಬಿಎ